ಸೆಕೆಂಡ್ ಬೇಸ್‌ನ ಹುಡುಗಿ

ಹನಾನ್‌ಳ ಹಾಡು ಬ್ಯಾರಿ ಸಂಘದ ವಾಟ್ಸಾಪ್ ಗ್ರೂಪಿಗೆ ಬಿದ್ದದ್ದು ಭಾನುವಾರ ಸಂಜೆ. ಮರುದಿನ ನಸುಕಿನ ಸುಬಹಿ ನಮಾಜಿನ ಹೊತ್ತಿಗೆ ಸೌದಿಯ ಹುಫೂಫಿನ ಬ್ಯಾರಿ ಮನೆಗಳೆಲ್ಲ ಎರಡು ಪಾಲಾಗಿದ್ದವು.

ಜುವೈರಿಯಾ ಅಡುಗೆಮನೆಯಲ್ಲಿ ಅಕ್ಕಿಯ ಪತ್ತಿರಿ ರೊಟ್ಟಿ ಒತ್ತುತ್ತ, ಫೋನಿನ ಸದ್ದನ್ನು ಇಳಿಸಿ, ಒಂದೊಂದಾಗಿ ಎಲ್ಲರ ವಾಯ್ಸ್ ಮೆಸೇಜ್ ಕೇಳಿದಳು. ಮಗಳು ಹನಾನ್‌ಗೆ ಕೇಳಿಸಬಾರದು ಎಂದು ಎಕ್ಸಾಸ್ಟ್ ಫ್ಯಾನನ್ನೂ ಹಾಕಿದ್ದಳು.

"ಇದು ಹಾಡಾ ಮಾರಾಯ, ವಾಷಿಂಗ್ ಮೆಶಿನ್ ತಿರುಗುದಾ?" ಎಂದಿದ್ದ ಒಬ್ಬ.

"ಹುಡುಗಿಯನ್ನು ಮೈದಾನದಿಂದ ಎಳ್ಕೊಂಡು ಹೋಗುವ ಹಿರಿಯರು ಯಾರು ಅಂತ ಹೇಳಿ. ನಾವೆಯಾ? ನಮ್ಮ ಅಪ್ಪಂದಿರಾ?" ಎಂದು ಇನ್ನೊಬ್ಬ ಕೆರಳಿದ್ದ.

"ನನ್ನ ಮಗಳು ರಾತ್ರಿಯೆಲ್ಲ ಅದನ್ನೇ ಕೇಳಿದ್ಳು. ನಾನೂ ಕೇಳಿದೆ. ನಂಗೆ ಅಳು ಬಂತಪ್ಪ, ಸುಳ್ಳು ಯಾಕೆ ಹೇಳುದು," ಎಂದು ಪಕ್ಕದ ಬೀದಿಯ ಶಮೀನಾ ಹೇಳಿದ್ದಳು.

ಎಲ್ಲರಿಗಿಂತ ಹಿರಿಯಳಾದ ಆಮಿನತ್ ಮಾಮಿಯದ್ದು ಕೊನೆಯ ವಾಯ್ಸ್. "ಬೇಸ್‌ಬಾಲ್ ಅಂದ್ರೆ ಎಂತ ಅಂತ ಯಾರಾದ್ರೂ ಮೊದಲು ಹೇಳಿ ಮಕ್ಕಳೇ. ಆಮೇಲೆ ಜಗಳ ಮಾಡುವ."

ಜುವೈರಿಯಾಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಫೋನನ್ನು ಕವುಚಿ ಹಾಕಿ, ಮುಂದಿನ ಉಂಡೆ ತೆಗೆದುಕೊಂಡಳು.

ಪ್ರತಿ ವರ್ಷ ಖರ್ಜೂರದ ಕೊಯ್ಲು ಮುಗಿಯುವ ಕಾಲಕ್ಕೆ ಸಂಘದವರು ಒಂದು ಹಾಡಿನ ಸ್ಪರ್ಧೆ ಇಡುತ್ತಿದ್ದರು. ಹಾಡುಗಳು ಮೊದಲು ಗ್ರೂಪಿಗೆ ಬರುತ್ತವೆ. ವಾರವಿಡೀ ಚರ್ಚೆಯಾಗುತ್ತದೆ. ಶುಕ್ರವಾರ ಸಂಜೆ ತೋಟಗಳ ನಡುವೆ ಬಾಡಿಗೆಗೆ ಸಿಗುವ ಯಾವುದಾದರೂ ಇಸ್ತಿರಾಹಾದಲ್ಲಿ, ದೊಡ್ಡ ಹಾಲಿನಲ್ಲಿ ಎಲ್ಲರೂ ಕೂಡಿ ಆಯ್ದ ಹಾಡುಗಳನ್ನು ಕೇಳಿ, ಊಟ ಮಾಡಿ ಹೋಗುತ್ತಾರೆ. ಉಮ್ಮನ ನೆನಪು, ಊರಿನ ನೆನಪು, ಪೆರ್ನಾಳ್ ಹಬ್ಬದ ಸಂಭ್ರಮ ಎಂದು ಪ್ರತಿವರ್ಷ ಬರುವ ಹಾಡುಗಳೆಲ್ಲ ಒಂದೇ ತೊಟ್ಟಿಲಲ್ಲಿ ಮಲಗಿದ ಮಕ್ಕಳ ಹಾಗಿರುತ್ತಿದ್ದವು. ಹನ್ನೆರಡನೇ ತರಗತಿಯ ಹನಾನ್ ಲ್ಯಾಪ್‌ಟಾಪಿನಲ್ಲಿ ತಾನೇ ತಾಳ ಕಟ್ಟಿ, ಬ್ಯಾರಿ ಭಾಷೆಯ ನಡುವೆ ಇಂಗ್ಲಿಷ್ ಸೇರಿಸಿ, ಮುಖ ತೋರಿಸದೆ ದನಿ ಮಾತ್ರ ಕೊಟ್ಟು ಮಾಡಿದ ಹಾಡು ಆ ತೊಟ್ಟಿಲಿನದ್ದಲ್ಲ. ಚರ್ಮದ ಗ್ಲೌಸಿಗೆ ಚೆಂಡು ಬಡಿಯುವ ಸದ್ದೇ ಅದರ ತಾಳ. ಕಾಲೇಜು ಮೈದಾನದ ಕೆಂಪು ಮಣ್ಣಿನಲ್ಲಿ ಒಬ್ಬಳು ಹುಡುಗಿ ಎರಡನೇ ಬೇಸ್ ಕಾಯುತ್ತಾಳೆ. ಚೆಂಡು ಪುಟಿದು ಬರುತ್ತದೆ, ಅವಳು ಬಾಗುತ್ತಾಳೆ, ಎತ್ತುತ್ತಾಳೆ, ಎಸೆಯುತ್ತಾಳೆ. ಕೊನೆಯ ಚರಣದಲ್ಲಿ ಹಿರಿಯರ ಕೈಗಳು ಬಂದು ಅವಳನ್ನು ಮೈದಾನದಿಂದ ಎಳೆದೊಯ್ಯುತ್ತವೆ. ಬಸ್ಸಿನ ಕಿಟಕಿಯಲ್ಲಿ ಅವಳು ಊರು ಬರುವ ತನಕ ಅಳುತ್ತಾಳೆ.

ಅಷ್ಟಕ್ಕೇ ಬಿಟ್ಟಿದ್ದರೆ ಚರ್ಚೆ ತಾಳದ ಬಗ್ಗೆ ನಡೆದು ತಣ್ಣಗಾಗುತ್ತಿತ್ತೇನೋ. ಆದರೆ ಹನಾನ್ ಹಾಡಿನ ಕೆಳಗೆ ಎರಡು ಪದ ಬರೆದಿದ್ದಳು: ನಿಜ ಕಥೆ.

ನಿಜವಾದರೆ ಯಾರದ್ದು? ಮಂಗಳವಾರದ ಹೊತ್ತಿಗೆ ಎಲ್ಲರೂ ಅದನ್ನೇ ಕೇಳುತ್ತಿದ್ದರು.

*

ಅದು ಜುವೈರಿಯಾಳ ಕಥೆ. ಈ ಊರಿನಲ್ಲಿ ಅದು ಗೊತ್ತಿದ್ದದ್ದು ಅವಳಿಗೆ ಮತ್ತು ಹನಾನ್‌ಗೆ ಮಾತ್ರ.

ಹನಾನ್‌ಗೆ ಗೊತ್ತಾದದ್ದೂ ಕಳೆದ ರಜೆಯಲ್ಲಿ, ಮಂಗಳೂರಿನ ಒಂದು ಬಟ್ಟೆಯಂಗಡಿಯಲ್ಲಿ. ಕನ್ನಡಕ ಹಾಕಿದ ಎತ್ತರದ ಹೆಂಗಸೊಬ್ಬಳು ಸೀರೆಗಳ ರಾಶಿಯ ಆಚೆಯಿಂದ "ಏಯ್ ಸೆಕೆಂಡ್ ಬೇಸ್!" ಎಂದು ಕೂಗಿಬಿಟ್ಟಿದ್ದಳು. ಬುರ್ಖಾ ಹಾಕಿ, ಇಪ್ಪತ್ತು ವರ್ಷ ಕಳೆದು ಬಂದವಳ ನಡಿಗೆಯನ್ನೇ ನೋಡಿ ಗುರುತು ಹಿಡಿದಿದ್ದಳಂತೆ. ಕಾಲೇಜು ತಂಡದ ಆ ಹಳೆಯ ಗೆಳತಿ ಈಗ ಯಾವುದೋ ಶಾಲೆಯಲ್ಲಿ ಪಿ.ಟಿ. ಟೀಚರು. "ನಿನ್ನ ಉಮ್ಮನ ಕೈಗೆ ಬಂದ ಚೆಂಡು ಆಚೆ ಹೋದದ್ದು ನಾನು ನೋಡಿಲ್ಲ ಮಗಾ," ಎಂದು ಹನಾನ್‌ಳ ಗಲ್ಲ ಹಿಂಡಿ ಹೋದಳು. ಮನೆಗೆ ಬರುವ ಆಟೊದಲ್ಲಿ ಜುವೈರಿಯಾ ಮಗಳಿಗೆ ಅವಳ ಅಪ್ಪನ ಬಗ್ಗೆ ಹೇಳಿದ್ದು ಒಂದೇ ಮಾತು: "ಉಪ್ಪನಿಗೆ ಹೇಳ್ಬೇಡ."

ಆಗ ಕರಾವಳಿಯ ಹೆಣ್ಣುಮಕ್ಕಳ ಕಾಲೇಜುಗಳಿಗೆ ಬೇಸ್‌ಬಾಲ್ ಹೊಸದು. ಇವಳ ಕಾಲೇಜಿನಲ್ಲಂತೂ ಅದೇ ಮೊದಲ ತಂಡ. ಗ್ಲೌಸುಗಳು ಸಾಲದೆ, ಬ್ಯಾಟಿಂಗಿಗೆ ಹೋಗುವವರು ಎದುರಾಳಿ ತಂಡದವರಿಗೆ ತಮ್ಮದನ್ನು ಬಿಚ್ಚಿಕೊಟ್ಟು ಹೋಗುತ್ತಿದ್ದರು. ಜುವೈರಿಯಾ ಸ್ಕಾರ್ಫಿನ ಮೇಲೆ ಟೋಪಿ ಹಾಕಿ, ತುಂಬುತೋಳಿನ ಅಂಗಿಯಲ್ಲಿ, ಓಟಗಾರ್ತಿಯರು ಮುಟ್ಟಿ ಹೋಗಬೇಕಾದ ಎರಡನೇ ಬೇಸಿನ ಬಳಿ ನಿಲ್ಲುತ್ತಿದ್ದಳು. ಒಳಮೈದಾನದ ಆ ಜಾಗ ಅವಳ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿ ನಿಂತವರು ಬ್ಯಾಟಿನ ಮೇಲೆ ಒಂದು ಕಣ್ಣು, ಓಟಗಾರ್ತಿಯ ಕಾಲಿನ ಮೇಲೆ ಒಂದು ಕಣ್ಣು ಇಟ್ಟಿರಬೇಕು. ಏನಾದೀತು ಎಂಬ ಹೆದರಿಕೆ ಅಲ್ಲಿ ಒಂದು ಗುಣ. ಜೋರಾದ ಚೆಂಡು ಅಂಗೈಗೆ ಬಡಿದರೆ ಮೊದಲು ನೋವು ಬರುವುದಿಲ್ಲ, ಕೈ ಜೋಮು ಹಿಡಿಯುತ್ತದೆ. "ಜೋಮು ಬಿಡುವ ತನಕ ಕಾಯ್ಬೇಡಿ. ಜೋಮು ಇರುವಾಗಲೇ ಎಸೀಬೇಕು," ಎನ್ನುತ್ತಿದ್ದರು ಕೋಚ್.

ವಿಶ್ವವಿದ್ಯಾಲಯದ ತಂಡಕ್ಕೆ ಆಡಿದಳು. ರಾಜ್ಯದ ಶಿಬಿರಕ್ಕೆ ಎರಡು ಸಲ ಹೋದಳು. ಮೂರನೆಯ ಸಲ ಕರೆ ಬಂದ ವಾರವೇ ಮಿಸ್ಬಾಹ್‌ನ ಸಂಬಂಧವೂ ಬಂತು. ನೋಡಲು ಬಂದವರ ಮುಂದೆ ಅವಳ ಉಮ್ಮ, "ಕಾಲೇಜು ಬಿಟ್ಟರೆ ಲೈಬ್ರರಿ, ಲೈಬ್ರರಿ ಬಿಟ್ಟರೆ ಮನೆ. ಸಂಜೆ ತಡ ಆಗುದೂ ಲೈಬ್ರರಿಯಿಂದಲೇ," ಎಂದರು. ದುರುದ್ದೇಶದಿಂದಲ್ಲ, ಬಿಸಿಲಿಗೆ ಕಪ್ಪಾದ ಹುಡುಗಿಗೆ ಒಂದು ಒಳ್ಳೆಯ ಮಾತು ಸೇರಿಸಿದ್ದು, ಅಷ್ಟೆ. ಜುವೈರಿಯಾ ಚಾದ ತಟ್ಟೆ ಹಿಡಿದು ನಿಂತಿದ್ದಳು. ಆಗಲೇ ತಿದ್ದಬಹುದಿತ್ತು. ಮದುವೆಯಾದ ತಿಂಗಳಲ್ಲಿ ತಿದ್ದಬಹುದಿತ್ತು. ಹನಾನ್ ಹುಟ್ಟಿದ ಮೇಲೆ ಹೇಳಿದ್ದರೆ ಅದೊಂದು ತಮಾಷೆಯಾಗುತ್ತಿತ್ತು. ಹೇಳದೆ ಉಳಿದ ಸಣ್ಣ ಮಾತು ಗೋಡೆಯೊಳಗಿನ ನೀರಿನ ಹಾಗೆ. ಮೇಲೆ ಬಣ್ಣ ಬಳಿಯುತ್ತ ಹೋಗಬಹುದು.

*

ಬುಧವಾರ ಮಧ್ಯಾಹ್ನ ಮಿಸ್ಬಾಹ್‌ನ ವಾಯ್ಸ್ ಬಂತು. ಅವನದು ಸನಾಯಿಯಾ ಎಂಬ ಕೈಗಾರಿಕಾ ವಲಯದ ವರ್ಕ್‌ಶಾಪ್ ಬೀದಿಯಲ್ಲಿ ಎ.ಸಿ. ಬಿಡಿಭಾಗಗಳ ಅಂಗಡಿ. ಅಲ್ಲಿ ಯಾರೋ ಕೆಣಕಿರಬೇಕು, ಹಿಂದುಗಡೆ ಕಂಪ್ರೆಸರ್ ಸದ್ದೂ ಕೇಳುತ್ತಿತ್ತು.

"ನೋಡಿ, ಮಗು ಕಲ್ಪನೆ ಮಾಡಿ ಬರ್ದಿದ್ದಾಳೆ. ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ. ನನ್ನ ಹೆಂಡತಿ ಕಾಲೇಜು ಬಿಟ್ರೆ ಲೈಬ್ರರಿ, ಲೈಬ್ರರಿ ಬಿಟ್ರೆ ಮನೆ. ಮೈದಾನಕ್ಕೆ ಕಾಲಿಟ್ಟವಳಲ್ಲ, ವಲ್ಲಾಹಿ!"

ವಲ್ಲಾಹಿ. ಅಲ್ಲಾಹನ ಆಣೆ. ಊರಿನಲ್ಲಿದ್ದಾಗ ಮಿಸ್ಬಾಹ್ ಆಣೆ ಹಾಕುವವನಲ್ಲ. ಇಲ್ಲಿ ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಮಾಡಿ ಆ ಮಾತು ಅವನ ನಾಲಿಗೆಗೆ ಅಂಟಿಕೊಂಡಿತ್ತು. ಈ ಊರಿನಲ್ಲಿ ಟೊಮೆಟೊ ಮಾರುವವನೂ ವಲ್ಲಾಹಿ ಎನ್ನುತ್ತಾನೆ. ಆದರೆ ಅಂಗಡಿಯಲ್ಲಿ ಹೇಳುವುದು ಬೇರೆ, ನಮ್ಮವರೆಲ್ಲ ಕೇಳುವ ಗ್ರೂಪಿನಲ್ಲಿ ಹೆಂಡತಿಯ ವಿಷಯಕ್ಕೆ ಹೇಳುವುದು ಬೇರೆ.

ಜುವೈರಿಯಾ ಎರಡು ಸಲ ಕೇಳಿದಳು. ಎದೆ ಧಸಕ್ಕೆನ್ನಬೇಕಿತ್ತು. ಏನೂ ಆಗಲಿಲ್ಲ. ಉಪ್ಪು ಹಾಕಿದೆನೋ ಇಲ್ಲವೋ ಎಂದು ಸಾರಿನ ರುಚಿ ನೋಡಿದಳು. ಹಾಕಿತ್ತು.

ಸಂಜೆ ಸಂಘದ ಅಧ್ಯಕ್ಷರಾದ ಮೊಹಿದ್ದೀನ್ ಹಾಜಿ ನೇರವಾಗಿ ಅವಳಿಗೇ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಯಾರ ಮಗುವಿಗೆ ಜ್ವರ ಬಂದರೂ ಕಾರು ತೆಗೆಯುವವರು.

"ಮಗಳೇ, ಹಾಡು ಚೆನ್ನಾಗಿಯೇ ಉಂಟು. ನನ್ನ ಕಿವಿಗೆ ಅದು ಸ್ವಲ್ಪ ಗದ್ದಲ, ಅದು ಬಿಡು. ಆದರೆ ಆ ಕೊನೆಯ ಚರಣ ಉಂಟಲ್ಲ, ಅದು ನಿಜ ಅಂದ್ರೆ ಎಷ್ಟೋ ಜನರಿಗೆ ಚುಚ್ಚುತ್ತದೆ. ಮಿಸ್ಬಾಹ್ ಹೇಳಿದ, ಆದರೆ ಅವ ಗಂಡಸು. ಹುಡುಗಿಯ ಉಮ್ಮ ಒಂದು ವಾಯ್ಸ್ ಹಾಕಿದ್ರೆ ಗಟ್ಟಿ. 'ಇದು ಕಲ್ಪನೆ' ಅಂತ. ನಾಳೆ ಸಂಜೆ ಮಗ್ರಿಬಿಗೆ ಮುಂಚೆ ಹಾಕು. ನಾನು ಗ್ರೂಪಿಗೆ ಬೀಗ ಹಾಕ್ತೇನೆ. ಶುಕ್ರವಾರ ಹಾಡು ಆರಾಮಲ್ಲಿ ಕೇಳುವ."

"ಹಾಕದಿದ್ರೆ ಹಾಜಿ?"

"ಹಾಕದಿದ್ರೆ ಹಾಡು ಬಿಡಬೇಕಾಗ್ತದೆ. ಜಗಳ ಇಟ್ಕೊಂಡು ಊಟ ಮಾಡ್ಲಿಕ್ಕೆ ಆಗುದಿಲ್ಲ ಅಲ್ವಾ."

ಸಂಘದಲ್ಲಿ ಯಾವ ಜಗಳವೂ ಹೀಗೇ ಮುಗಿಯುತ್ತಿತ್ತು. ಸಂಬಂಧಪಟ್ಟವರು ಸಲಾಂ ಹೇಳಿ ಎರಡು ಮಾತು ಆಡುತ್ತಾರೆ. ಹಾಜಿ 'ಜಝಾಕಲ್ಲಾಹ್' ಎಂದು ಧನ್ಯವಾದ ಬರೆದು ಯಾರೂ ಮುಂದೆ ಬರೆಯದಂತೆ ಗ್ರೂಪನ್ನು ಮುಚ್ಚುತ್ತಾರೆ. ಮರುದಿನ ತೆರೆದಾಗ ಹಳೆಯ ಮಾತು ಎತ್ತುವುದು ಮರ್ಯಾದೆಯಲ್ಲ.

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಹನಾನ್ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನಿಜ ಕಥೆ ಅಂತ ಯಾಕೆ ಬರೆದೆ?" ಜುವೈರಿಯಾ ಕೇಳಿದಳು.

"ನಿಜ ಅಲ್ವಾ ಉಮ್ಮಾ, ಅದಕ್ಕೆ. ನಿಮ್ಮ ಹೆಸರು ನಾನು ಎಲ್ಲೂ ಹೇಳ್ಲಿಲ್ಲ."

"ಹೇಳ್ಲಿಲ್ಲ."

"ಬೇಕಾದ್ರೆ ಹಾಡು ತೆಗೆದುಬಿಡ್ತೇನೆ. ಪ್ರಾಮಿಸ್. ಒಂದು ವಾರ ಅಳ್ತೇನೆ, ಮತ್ತೆ ಸರಿಯಾಗ್ತದೆ. ಆದರೆ ನೀವು ನಿಮ್ಮ ಬಾಯಿಂದ ಅದು ಸುಳ್ಳು ಅಂತ ಹೇಳ್ಬೇಡಿ. ಗ್ರೂಪಲ್ಲಿ ಎಲ್ಲರೂ ಕೇಳುವಾಗ ನೀವು ಇಲ್ಲ ಅಂದ್ರೆ... ಆಮೇಲೆ ನಾನು ನಿಮ್ಮ ಯಾವ ಮಾತನ್ನು ನಂಬುದು?"

ಜುವೈರಿಯಾ ಮಗಳನ್ನು ನೋಡಿದಳು. ಅವಳ ಕಣ್ಣು ತುಂಬಿದ್ದೂ, ಕೆಳತುಟಿ ಕಚ್ಚಿಕೊಂಡದ್ದೂ ಸ್ಪಷ್ಟವಾಗಿ ಕಾಣುತ್ತಿತ್ತು. ಗಾಜಿನಾಚೆ ಯಾರೋ ಅಳುವುದನ್ನು ನೋಡುವ ಹಾಗೆ.

"ಊಟ ಮಾಡು. ತಣ್ಣಗಾಗ್ತದೆ," ಎಂದಳು.

*

ಗುರುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಮಿಸ್ಬಾಹ್ ಊಟಕ್ಕೆ ಬಂದ. ಹನಾನ್ ಶಾಲೆಯಿಂದ ಬಂದಿರಲಿಲ್ಲ. ಅವನು ಮೀನಿನ ಮುಳ್ಳು ಬಿಡಿಸುತ್ತ, "ವಾಯ್ಸ್ ಹಾಕಿದೆಯಾ?" ಎಂದು ಕೇಳಿದ.

"ಇಲ್ಲ."

"ಹಾಕಿಬಿಡು ಮಾರಾಯ್ತಿ. ಎರಡು ಮಾತು. ಅಂಗಡಿಗೆ ಬಂದವರೆಲ್ಲ ಕಂಪ್ರೆಸರ್ ಕೇಳುದು ಬಿಟ್ಟು ಬೇಸ್‌ಬಾಲ್ ಕೇಳ್ತಾರೆ. ಆ ಪಾಕಿಸ್ತಾನಿ ವೆಲ್ಡರ್ ಉಂಟಲ್ಲ, ಅವನಿಗೂ ಗೊತ್ತಾಗಿದೆ!"

ಊಟ ಮುಗಿಸಿ ಅವನು ಎಂದಿನಂತೆ ಹಾಲಿನ ಮಜ್ಲಿಸ್ ಹಾಸಿನ ಮೇಲೆ ಒರಗಿದ. ಪರದೆ ಎಳೆದ ಕೋಣೆಯಲ್ಲಿ ಎ.ಸಿ. ಗುಂಯ್ ಎನ್ನುತ್ತಿತ್ತು. ಜುವೈರಿಯಾ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಹಾಲಿಗೆ ಬಂದು ನಿಂತಳು. ಅವನ ಕಣ್ಣು ಮುಚ್ಚುತ್ತಿತ್ತು. ಇನ್ನೊಂದು ನಿಮಿಷ ಬಿಟ್ಟರೆ ನಿದ್ದೆ ಹೋಗುತ್ತಾನೆ, ಎದ್ದವನೇ ಅಂಗಡಿಗೆ ಓಡುತ್ತಾನೆ. ಗ್ರೂಪಿಗಿಂತ ಮೊದಲು ಇವನಿಗೆ ಹೇಳದಿದ್ದರೆ ಅದು ಇನ್ನೊಂದು ತಪ್ಪಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ನಾನು ಲೈಬ್ರರಿಯಲ್ಲಿ ಇರ್ತಿರಲಿಲ್ಲ," ಎಂದಳು.

"ಹ್ಞಾಂ?"

"ಕಾಲೇಜಿನಲ್ಲಿ. ಸಂಜೆ ತಡ ಆಗ್ತಿದ್ದದ್ದು ಮೈದಾನದಿಂದ. ಹಾಡಿನ ಹುಡುಗಿ ನಾನು."

ಮಿಸ್ಬಾಹ್ ಎದ್ದು ಕೂತ. ಅವಳನ್ನು ನೋಡಿದ. ಆಮೇಲೆ ಅವಳ ಕೈಗಳನ್ನು ನೋಡಿದ, ಅಲ್ಲಿ ಏನಾದರೂ ಉಳಿದಿದೆಯೇ ಎಂಬಂತೆ. ಸಿಟ್ಟಾಗುತ್ತಾನೆ ಎಂದು ಅವಳು ಕಾದಳು. ಕಾಯುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

"ನಾನು ವಲ್ಲಾಹಿ ಹಾಕಿಬಿಟ್ಟೆನಲ್ಲ," ಎಂದ ಕೊನೆಗೆ.

"ನಿಮಗೆ ಗೊತ್ತಿರಲಿಲ್ಲ."

"ಗೊತ್ತಿಲ್ಲದೆ ಹಾಕಿದೆ. ಹೆಂಡತಿಯ ವಿಷಯ ಗೊತ್ತಿಲ್ಲದೆ ಆಣೆ ಹಾಕಿದವ ಅಂತ ಆಯ್ತಲ್ಲ ಈಗ." ಅವನು ತಲೆ ಕೆರೆದುಕೊಂಡ. "ಇಪ್ಪತ್ತು ವರ್ಷದಲ್ಲಿ ಒಂದು ದಿನ ಹೇಳ್ಬಹುದಿತ್ತಲ್ಲ ನಿಂಗೆ."

"ಹೇಳ್ಬಹುದಿತ್ತು."

ಅವನು ನಿದ್ದೆ ಮಾಡಲಿಲ್ಲ. ಮುಖ ತೊಳೆದು, ಹೊತ್ತಿಗೆ ಮೊದಲೇ ಅಂಗಡಿಗೆ ಹೊರಟ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಬೆನ್ನು ತಿರುಗಿಸಿಯೇ ಕೇಳಿದ: "ಎಷ್ಟು ವರ್ಷ?"

"ಮೂರು."

"ಚೆನ್ನಾಗಿ ಆಡ್ತಿದ್ದೆಯಾ?"

ಅವಳು ಉತ್ತರವನ್ನು ತೂಗಿ ನೋಡಿದಳು. ಹೆಚ್ಚೂ ಹೇಳಬಾರದು, ಕಡಿಮೆಯೂ ಹೇಳಬಾರದು. "ನನ್ನ ಕಡೆಯಿಂದ ಚೆಂಡು ಆಚೆ ಹೋಗ್ತಿರಲಿಲ್ಲ," ಎಂದಳು.

ಹಾಕು ಎಂದೂ ಹೇಳದೆ, ಬೇಡ ಎಂದೂ ಹೇಳದೆ ಅವನು ಮೆಟ್ಟಿಲಿಳಿದು ಹೋದ.

*

ಅಸರ್ ನಮಾಜು ಆದ ಮೇಲೆ ಜುವೈರಿಯಾ ಅಡುಗೆಮನೆಯ ಬಾಗಿಲು ಹಾಕಿಕೊಂಡು ಫೋನು ಕೈಗೆತ್ತಿಕೊಂಡಳು. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಟ್ಟಿದ್ದಳು. ಒಂದು ಪದ ಜಾಸ್ತಿಯಾದರೂ ಅದು ಗಂಡನ ಮೇಲೆ ಬೀಳುತ್ತದೆ, ಒಂದು ಕಡಿಮೆಯಾದರೆ ಮಗಳ ಮೇಲೆ. ಎದೆಯಲ್ಲಿ ಏನಾದರೂ ಏಳಬಹುದೆಂದು ಸ್ವಲ್ಪ ಕಾದಳು. ಕೈ ಜೋಮು ಹಿಡಿದಂತೆಯೇ ಇತ್ತು. ಒತ್ತಿದಳು.

"ಅಸ್ಸಲಾಮು ಅಲೈಕುಂ. ನಾನು ಜುವೈರಿಯಾ, ಹನಾನ್‌ಳ ಉಮ್ಮ. ಹಾಡಿನಲ್ಲಿರುವ ಹುಡುಗಿ ನಾನು. ಮದುವೆಗೆ ಮೊದಲು ಮೂರು ವರ್ಷ ಆಡಿದ್ದೇನೆ, ಸೆಕೆಂಡ್ ಬೇಸ್‌ನಲ್ಲಿ. ಇದು ನನ್ನ ಗಂಡನಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಅವರು ತಮಗೆ ಗೊತ್ತಿದ್ದದ್ದನ್ನೇ ಹೇಳಿದ್ದಾರೆ. ಇನ್ನೊಂದು. ಕೊನೆಯ ಚರಣದ ಹಾಗೆ ನನ್ನನ್ನು ಯಾರೂ ಎಳ್ಕೊಂಡು ಹೋಗಲಿಲ್ಲ. ಹಿರಿಯರು ಬೇಸರ ಮಾಡುದು ಬೇಡ. ಹೋಗು ಅಂತ ಯಾರೂ ಹೇಳಲಿಲ್ಲ. ಇರು ಅಂತಲೂ ಯಾರೂ ಹೇಳಲಿಲ್ಲ. ನಾನೇ ಗ್ಲೌಸ್ ವಾಪಸ್ ಕೊಟ್ಟು ಬಂದೆ. ಅಳಲಿಲ್ಲ. ಅಷ್ಟೇ."

ಬೆರಳೆತ್ತಿದಳು. ಹೋಯಿತು.

ಎಷ್ಟೋ ಮನೆಗಳ ಅಡುಗೆಮನೆಗಳಲ್ಲಿ, ಕಾರುಗಳಲ್ಲಿ ತನ್ನ ದನಿ ಈಗ ಕೇಳುತ್ತಿರಬಹುದು ಎಂದು ಅವಳು ಲೆಕ್ಕ ಹಾಕಿದಳು. ಹಾಜಿಯ 'ಜಝಾಕಲ್ಲಾಹ್' ಬರಲಿಲ್ಲ. ಬೀಗವೂ ಬೀಳಲಿಲ್ಲ. ಈ ತರದ ವಾಯ್ಸ್‌ಗೆ ಏನು ಮಾಡಬೇಕೆಂದು ಅವರಿಗೂ ತಿಳಿಯಲಿಲ್ಲವೇನೋ. ಮಗ್ರಿಬಿನ ಬಾಂಗ್ ಆಗುವಾಗ ಆಮಿನತ್ ಮಾಮಿಯ ದನಿ ಬಂತು.

"ಜುವೈರಿಯಾ, ಒಳ್ಳೆದಾಯ್ತು ಮಗಳೇ. ಈಗಾದ್ರೂ ಕೇಳ್ಲಿಕ್ಕೆ ಒಬ್ರು ಸಿಕ್ಕಿದ್ರು. ಈ ಸೆಕೆಂಡ್ ಬೇಸ್ ಅಂದ್ರೆ ಎಲ್ಲಿ ನಿಲ್ಲುದು? ನಾಳೆ ಇಸ್ತಿರಾಹಾದಲ್ಲಿ ತೋರಿಸು. ನನ್ನ ಮಂಡಿ ಬಿಟ್ಟು ಬೇರೆ ಎಲ್ಲ ಸರಿ ಉಂಟು."

ಅದಾದ ಮೇಲೆ ಮಾತುಗಳು ಸುರಿಯತೊಡಗಿದವು. ಒಬ್ಬರು ಹಾಡು ಬೇಕು ಎಂದರು, ಇನ್ನೊಬ್ಬರು ಈಗಂತೂ ಬೇಡವೇ ಬೇಡ ಎಂದರು. ವಾಷಿಂಗ್ ಮೆಶಿನ್ ಎಂದವನು ಹಠ ಬಿಡಲಿಲ್ಲ: "ಕಥೆ ನಿಜ ಇರ್ಬಹುದು, ತಾಳ ಮಾತ್ರ ಮೆಶಿನೇ." ರಾತ್ರಿ ಇಶಾ ನಮಾಜು ಆದ ಮೇಲೆ ಹಾಜಿ ಬರೆದರು: "ಹಾಡು ಹಾಕುವ. ಕೇಳುವವರು ಕೇಳಲಿ. ಬೇಡದವರು ಆ ಹೊತ್ತಿಗೆ ಹೊರಗೆ ಚಾ ಕುಡಿಯಲಿ."

ಹನಾನ್ ಅಡುಗೆಮನೆಗೆ ಬಂದಳು. ಕಣ್ಣು ಕೆಂಪಾಗಿತ್ತು. ಉಮ್ಮನನ್ನು ಅಪ್ಪಿಕೊಂಡಳು. ಜುವೈರಿಯಾ ಅವಳ ಬೆನ್ನು ಸವರಿದಳು, ಸವರಬೇಕಾದ ಹಾಗೆಯೇ.

"ನಿಜವಾಗಿಯೂ ಅಳಲಿಲ್ವಾ ಉಮ್ಮಾ?"

"ಇಲ್ಲ."

"ಸ್ವಲ್ಪವೂ?"

"ಬಸ್ಸಿನಲ್ಲಿ ಪಕ್ಕದವಳು ಕಿತ್ತಳೆ ಸುಲಿದು ಕೊಟ್ಟಳು. ತಿಂದೆ."

ಹನಾನ್ ಹಿಂದೆ ಸರಿದು ಅವಳ ಮುಖ ನೋಡಿದಳು. ಆ ನೋಟದಲ್ಲಿ ಹೆದರಿಕೆಯಂಥದ್ದು ಏನೋ ಇತ್ತು. "ಹಾಗಾದ್ರೆ ಕೊನೆಯ ಚರಣ ತೆಗೀಬೇಕು ನಾನು."

"ಬೇಡ. ಹಾಡು ನಿನ್ನದು. ನಿಂಗೆ ಅಳು ಬಂತಲ್ಲ, ಇರ್ಲಿ."

*

ಶುಕ್ರವಾರ ಸಂಜೆ ಇಸ್ತಿರಾಹಾದ ಅಂಗಳಕ್ಕೆ ಮಿಸ್ಬಾಹ್ ವ್ಯಾನಿನಲ್ಲಿ ಹತ್ತು ಜನರನ್ನು ಕರೆತಂದ. ಸನಾಯಿಯಾದ ಬೀದಿಯಲ್ಲಿ ದಿನಗೂಲಿಗೆ ಎ.ಸಿ. ತೊಳೆಯುವವರು, ಟಯರ್ ಹೊರುವವರು, ಆ ಪಾಕಿಸ್ತಾನಿ ವೆಲ್ಡರ್. ಆಣೆ ಮುರಿದರೆ ಹತ್ತು ಬಡವರಿಗೆ ಊಟ ಹಾಕಬೇಕು ಎಂಬುದು ಎಲ್ಲರಿಗೂ ಗೊತ್ತು. ಅಡುಗೆಕೋಣೆಯ ಬಾಗಿಲಿಗೆ ಬಂದು ಅವನು ಜುವೈರಿಯಾಳಿಗೆ ತಗ್ಗಿದ ದನಿಯಲ್ಲಿ ಹೇಳಿದ: "ಮಸೀದಿಯ ಉಸ್ತಾದರನ್ನು ಕೇಳಿದೆ. ನಿಜ ಅಂತ ನಂಬಿ ಹಾಕಿದ ಆಣೆಗೆ ಇದೆಲ್ಲ ಬೇಕಾಗಿಲ್ಲ ಅಂದ್ರು. ನಂಗೆ ಬೇಕು ಅನ್ನಿಸ್ತು."

"ಸರಿ," ಎಂದಳು ಜುವೈರಿಯಾ.

ಅವನು ಹೋಗಲಿಲ್ಲ. "ನಿನ್ನ ಮೇಲೆ ಕೋಪ ಉಂಟು. ಹೋಗ್ಲಿಕ್ಕೆ ಸ್ವಲ್ಪ ದಿನ ಬೇಕು."

"ಸರಿ."

"ಎಲ್ಲದಕ್ಕೂ ಸರಿ ಹೇಳ್ತಿ ಮಾರಾಯ್ತಿ ನೀನು," ಎಂದು ಅವನು ನಕ್ಕನೋ ನಿಟ್ಟುಸಿರು ಬಿಟ್ಟನೋ ತಿಳಿಯಲಿಲ್ಲ. "ಮಂದಿ ಅನ್ನದ ತಟ್ಟೆ ಕೊಡು. ಹಸಿದಿದ್ದಾರೆ ಅವರು."

ಹಾಲಿನ ಸ್ಪೀಕರಿನಲ್ಲಿ ಆಗಲೇ ಹನಾನ್‌ಳ ಹಾಡು ಶುರುವಾಯಿತು. ಚೆಂಡು ಗ್ಲೌಸಿಗೆ ಬಡಿಯುವ ಸದ್ದು ಗೋಡೆ ದಾಟಿ ಅಡುಗೆಕೋಣೆಗೆ ಬಂತು. ಕಿಟಕಿಯಾಚೆ ಕೆಲವು ಗಂಡಸರು ಎದ್ದು ಖರ್ಜೂರದ ಮರಗಳ ಕಡೆ, ಚಾದ ಫ್ಲಾಸ್ಕಿನ ಬಳಿಗೆ ನಡೆದರು. ಹೆಚ್ಚಿನವರು ಕೂತೇ ಇದ್ದರು. ಹಾಜಿ ಕೂತಲ್ಲೇ ಕಣ್ಣು ಮುಚ್ಚಿದ್ದರು. ಹೆಂಗಸರ ಕಡೆಯಿಂದ ಆಮಿನತ್ ಮಾಮಿ, "ಶ್, ಈಗ ಅವಳು ಬಾಗುದು ಬರ್ತದೆ," ಎಂದು ಯಾರಿಗೋ ಗದರಿದ್ದು ಕೇಳಿಸಿತು.

ಜುವೈರಿಯಾ ಒಲೆಯ ಮೇಲಿಂದ ಮಂದಿ ಅನ್ನದ ದೊಡ್ಡ ತಟ್ಟೆಯನ್ನು ಎರಡೂ ಬರಿಗೈಯಲ್ಲಿ ಎತ್ತಿ ಗಂಡನ ಕಡೆ ಹೊರಟಳು. ಶಮೀನಾ ಹಿಂದಿನಿಂದ "ಬಟ್ಟೆ ಹಿಡ್ಕೊಳ್ಳಿ, ಬಿಸಿ ಉಂಟು!" ಎಂದು ಕೂಗಿದಳು. ಹಾಡಿನ ಹುಡುಗಿ ಚೆಂಡನ್ನು ಎತ್ತಿಕೊಂಡಳು, ಎಸೆದಳು. ಜುವೈರಿಯಾ ತಟ್ಟೆಯನ್ನು ಮಿಸ್ಬಾಹ್‌ನ ಕೈಯಲ್ಲಿದ್ದ ಬಟ್ಟೆಯ ಮೇಲೆ ನೆಟ್ಟಗೆ ಇಳಿಸಿದಳು. ಒಂದು ಅಗುಳೂ ಚೆಲ್ಲಲಿಲ್ಲ.

ಅವನು ತಿರುಗಿ ನಾಲ್ಕು ಹೆಜ್ಜೆ ಹೋದ ಮೇಲೆ ಅವಳಿಗೆ ಅಂಗೈ ಉರಿಯುತ್ತಿರುವುದು ಗೊತ್ತಾಯಿತು.